ಬಲ್ಲ ಮೂಲಗಳಿಗೆ ಒಂದು ಸನ್ಮಾನ

ವೇದಿಕೆಯಲ್ಲಿ ಆಸೀನರಾಗಿರುವ ಗಣ್ಯರೇ, ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಪತ್ರಿಕಾ ಬಂಧುಗಳೇ, ಹಾಗೂ ಇಂದಿನ ಸನ್ಮಾನಿತರಾದ ಶ್ರೀಯುತ ಬಲ್ಲ ಮೂಲಗಳೇ,

ಸನ್ಮಾನಿತರ ಕುರ್ಚಿ ಖಾಲಿ ಇದೆಯೆಂದು ಯಾರೂ ಬೇಸರಿಸಬಾರದು. ಅವರು ಬಂದಿದ್ದಾರೆ, ಸಭೆಯಲ್ಲೇ ಎಲ್ಲೋ ಕೂತಿದ್ದಾರೆ, ಚಾ, ಗೋಳಿಬಜೆಯೂ ಆಗಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಸಿದ್ಧವಿದೆ. ಸನ್ಮಾನಪತ್ರದಲ್ಲಿ ಹೆಸರಿನ ಜಾಗ ಮಾತ್ರ ಖಾಲಿ. ಪ್ರಿಂಟಿಂಗ್ ಪ್ರೆಸ್ಸಿನವರು ಕೇಳಿದರು, ನಾವು ಹೇಳಲಿಲ್ಲ.

ಇವರ ಸಾಧನೆ ಸಣ್ಣದಲ್ಲ. ಹೊಳೆಯ ಮರಳು ರಾತ್ರಿ ಯಾವ ಟಿಪ್ಪರಿನಲ್ಲಿ ಹೋಯಿತು, ಕಡತ ಯಾರ ಮೇಜಿನ ಮೇಲೆ ಮಲಗಿತು, ಹೊಸ ಡಾಮರು ಮೊದಲ ಮಳೆಗೇ ಏಕೆ ಎದ್ದುಬಂತು, ಎಲ್ಲ ಹೇಳಿದವರು ಇವರೇ. "ನನ್ನ ಹೆಸರು ಹಾಕ್ಬೇಡಿ ಮಾರಾಯ್ರೆ" ಎಂಬುದಷ್ಟೇ ಇವರು ಕೇಳಿದ ಸಂಭಾವನೆ.

ಘನ ಕಾನೂನಿಗೂ ಒಂದು ಹಾರ ಸಲ್ಲಬೇಕು. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15(2)ನೇ ಕಲಂ ಪ್ರಕಾರ, ಕೌನ್ಸಿಲ್ ಎದುರು ಪತ್ರಕರ್ತ ಸುದ್ದಿಮೂಲ ಹೇಳಬೇಕಾಗಿಲ್ಲ. ಎಚ್ಚರಿಕೆ, ಛೀಮಾರಿಗಿಂತ ಹೆಚ್ಚು ಮಾಡುವ ಅಧಿಕಾರ ಆ ಕೌನ್ಸಿಲ್ಲಿಗೂ ಇಲ್ಲ. ಕಚ್ಚಲಾರದವರ ಮುಂದೆ ನಮಗೆ ಪೂರ್ಣ ರಕ್ಷಣೆ! ಠಾಣೆಯಲ್ಲಿ, ಕೋರ್ಟಿನಲ್ಲಿ ಅದು ನಡೆಯದು. ಅಲ್ಲೂ ಬೇಕೆಂದು ಕಾನೂನು ಆಯೋಗ 1983ರ ತನ್ನ 93ನೇ ವರದಿಯಲ್ಲಿ, ಸಾಕ್ಷ್ಯ ಕಾಯ್ದೆಗೆ 132ಎ ಕಲಂ ಸೇರಿಸಿ ಎಂದಿತು. 2021ರಲ್ಲಿ ಪೆಗಾಸಸ್ ಬೇಹುಗಾರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಸುದ್ದಿಮೂಲದ ರಕ್ಷಣೆಯಿಲ್ಲದೆ ಪತ್ರಿಕಾ ಸ್ವಾತಂತ್ರ್ಯವಿಲ್ಲ ಎಂಬರ್ಥದ ಮಾತು ಹೇಳಿತು. 2023ರಲ್ಲಿ ಹಳೆಯ ಕಾಯ್ದೆ ತೆಗೆದು ಭಾರತೀಯ ಸಾಕ್ಷ್ಯ ಅಧಿನಿಯಮವನ್ನೇ ತಂದರು. ವಕೀಲರ ಗುಟ್ಟು ಉಳಿಯಿತು, ಗಂಡ ಹೆಂಡಿರ ಗುಟ್ಟೂ ಉಳಿಯಿತು. ನಮ್ಮ ಸನ್ಮಾನಿತರ ಸುದ್ದಿಯೇ ಇಲ್ಲ.

ಇವರ ಮಾತು ನಂಬಿ ಓಡುವವರ ಗತಿಯೂ ಕೇಳಿ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನಲ್ಲಿ ಹೋಂ ಸ್ಟೇ ಮೇಲೆ ದಾಳಿಯಾದಾಗ ಟಿವಿ ವರದಿಗಾರ ನವೀನ್ ಸೂರಿಂಜೆ ಅಲ್ಲಿಗೆ ಓಡಿದರು, ದೃಶ್ಯವನ್ನು ಊರಿಗೆಲ್ಲ ತೋರಿಸಿದರು. ಪೊಲೀಸರು ಅವರನ್ನೂ ದಾಳಿಯ ಆರೋಪಿಗಳ ಪಟ್ಟಿಗೆ ಸೇರಿಸಿ ನವೆಂಬರಿನಲ್ಲಿ ಬಂಧಿಸಿದರು. ಹೈಕೋರ್ಟ್ ಜಾಮೀನು ಕೊಟ್ಟದ್ದು 2013ರ ಮಾರ್ಚಿನಲ್ಲಿ. ಇದು ಪುತ್ತೂರಿನಿಂದ ಒಂದು ಗಂಟೆಯ ದಾರಿಯಲ್ಲಿ ನಡೆದ ಕಥೆ. ಸ್ವೀಡನ್ನಿನಲ್ಲಾದರೆ ಪತ್ರಿಕೆಗೆ ಹೇಳಿದ್ದು ಯಾರೆಂದು ಸರ್ಕಾರಿ ಅಧಿಕಾರಿ ಹುಡುಕುವಂತೆಯೇ ಇಲ್ಲವಂತೆ. ನಮ್ಮ ಕಚೇರಿಗಳಲ್ಲಿ ವರದಿ ಬಂದ ಬೆಳಗ್ಗೆ ಆಗುವ ಮೊದಲ ಕೆಲಸವೇ ಅದು.

ಕೊನೆಯದಾಗಿ ನಮ್ಮ ಸಂಸದರಲ್ಲಿ ಒಂದು ವಿನಂತಿ. ಸುದ್ದಿಮೂಲ ಕಾಯುವ ಕಲಮಿಗಾಗಿ ಲೋಕಸಭೆಯಲ್ಲೊಂದು ಖಾಸಗಿ ಮಸೂದೆ ಮಂಡಿಸಿ. ಹೊಸದಾಗಿ ಬರೆಯುವ ಶ್ರಮವೂ ಇಲ್ಲ, ಕರಡು 1983ರಲ್ಲೇ ತಯಾರಾಗಿದೆ.