ಐಕಾನ್ ಅಂಕಲ್

ಐಕಾನ್ ಅಂಕಲ್ ಕೈಯಾಡಿಸಿ ಹೋದ ಕಂಪ್ಯೂಟರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಪರದೆ ತುಂಬಿಕೊಂಡಿದ್ದ ತಿರುಪತಿ ತಿಮ್ಮಪ್ಪನಲ್ಲಿ ಬಲತುದಿಯ ಒಂದು ಕೈ ಮಾತ್ರ ಉಳಿದಿರುತ್ತದೆ; ಮಿಕ್ಕಿದ್ದೆಲ್ಲ ಐಕಾನು. ಕ್ರೋಮ್, ವರ್ಡ್, ಎಕ್ಸೆಲ್, ಟ್ಯಾಲಿ, ನುಡಿ, ಬರಹ. ಪಕ್ಕದ ಸಾಲಿನಲ್ಲಿ ಸರ್ಕಾರಿ ಸೇವೆಗಳ ಸೇವಾ ಸಿಂಧು, ಆಸ್ತಿ ನೋಂದಣಿಯ ಕಾವೇರಿ, ಬೆಸ್ಕಾಂ ಬಿಲ್ಲು. ಅದರಾಚೆ ಒಂದು ಕ್ಯಾಲ್ಕುಲೇಟರು. ಅದು ಸಿಗದೆ ಹೋದರೆ ಇರಲಿ ಅಂತ ಇನ್ನೊಂದು ಕ್ಯಾಲ್ಕುಲೇಟರು.

ಇವರು ಪಶ್ಚಿಮ ಬೆಂಗಳೂರಿನ ಬೆಳೆ. ರಾಜಾಜಿನಗರದಲ್ಲಿ, ಬಸವೇಶ್ವರನಗರದ ಹಾವನೂರು ವೃತ್ತದ ಆಸುಪಾಸಿನಲ್ಲಿ, ವಿಜಯನಗರದ ಮಾರುತಿ ಮಂದಿರದ ಹಿಂದಿನ ಅಡ್ಡರಸ್ತೆಗಳಲ್ಲಿ, ಕೆಂಗೇರಿ ಉಪನಗರದಲ್ಲಿ ತಲಾ ಒಬ್ಬರಾದರೂ ಸಿಗುತ್ತಾರೆ. ಯಾವುದೋ ಸರ್ಕಾರಿ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರು. ಚಪ್ಪಲಿ ಹೊರಗೆ ಬಿಟ್ಟು, ಏ.ಸಿ. ಕೋಣೆಯೊಳಗೆ ಹೋಗಿ, ಕಂಪ್ಯೂಟರಿನ ದರ್ಶನ ಮಾಡಿಕೊಂಡು ಬರುತ್ತಿದ್ದ ಕಾಲದವರು. ಈಗ ಅದೇ ಕಂಪ್ಯೂಟರು ಮನೆಮನೆಯಲ್ಲಿ ದೂಳು ಹೊದ್ದುಕೊಂಡು ಕೂತಿರುವುದನ್ನು ಕಂಡು ಅವರಿಗೆ ಕರುಳು ಚುರ್ರೆನ್ನುತ್ತದೆ. ಕೀ ಗೊಂಚಲಿನಲ್ಲಿ ಮನೆಯ ಬೀಗದ ಕೈ, ಸ್ಕೂಟರ್ ಕೀ, ನಡುವೆ ಒಂದು ಪೆನ್‌ಡ್ರೈವ್. ಬೆಳಗಿನ ವಾಕಿಂಗಿಗೂ ಅದು ಜೊತೆಯಲ್ಲೇ ಬರುತ್ತದೆ, ಯಾರಿಗೆ ಯಾವಾಗ ಬೇಕಾಗುತ್ತೋ ಏನೋ!

ಬೇಕಾಗುವುದೂ ಉಂಟು. "ಅಂಕಲ್, ನಮ್ಮ ವರ್ಡ್ ಹೊರಟೇಹೋಗಿದೆ" ಅಂತ ಎದುರು ಮನೆಯ ಹುಡುಗಿ ಗೇಟಿನಲ್ಲಿ ನಿಲ್ಲುತ್ತಾಳೆ. "ಗಾಬರಿ ಆಗ್ಬೇಡಮ್ಮಾ, ವರ್ಡ್ ಎಲ್ಲೂ ಹೋಗಿಲ್ಲ, ಬರ್ತೀನಿ ನಡಿ" ಅಂತ ಅಂಕಲ್ ಅಂಗಿ ಹಾಕಿಕೊಳ್ಳುತ್ತಾರೆ. ಹೋಗಿರುವುದು ವರ್ಡ್ ಅಲ್ಲ, ಅದರ ಐಕಾನು. ಮೂಲೆಯಲ್ಲಿ ಪುಟ್ಟ ಬಾಣದ ಗುರುತಿರುವ ಆ ಚಿತ್ರ ಸಾಫ್ಟ್‌ವೇರ್ ಅಲ್ಲ. ಸಾಫ್ಟ್‌ವೇರ್ ಎಲ್ಲಿದೆ ಅಂತ ಬರೆದಿಟ್ಟ ಒಂದೆರಡು ಕಿಲೋಬೈಟಿನ ವಿಳಾಸದ ಚೀಟಿ. 1995ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95ರ ಕಾಲದಿಂದಲೂ ವ್ಯವಸ್ಥೆ ಇದೇ. ಚೀಟಿ ಹರಿದರೆ ಮನೆ ಬೀಳುವುದಿಲ್ಲ. ಆದರೆ ನಮ್ಮ ಬಡಾವಣೆಗಳ ಒಪ್ಪಿತ ನಂಬಿಕೆ ಬೇರೆ: ಪರದೆಯ ಮೇಲೆ ಕಾಣದ್ದು ಕಂಪ್ಯೂಟರಿನಲ್ಲಿ ಇಲ್ಲ. ಕೆಳಗಿನ ಸ್ಟಾರ್ಟ್ ಬಟನ್ನು ಆಫ್ ಮಾಡುವುದಕ್ಕಷ್ಟೇ. ಅಂಕಲ್ ಈ ನಂಬಿಕೆಯನ್ನು ತಿದ್ದಲು ಹೋಗಲಿಲ್ಲ, ಅದಕ್ಕೆ ಸೇವೆ ಸಲ್ಲಿಸಲು ನಿಂತರು. ಅವರ ಜನಪ್ರಿಯತೆಯ ಗುಟ್ಟೂ ಇದೇ, ಅವರು ಮಾಡುವ ಅನಾಹುತದ ಮೂಲವೂ ಇದೇ.

ಐಕಾನು ಮಾಡುವುದಕ್ಕೆ ಸುಲಭದ ದಾರಿಯಿದೆ. ಪ್ರೋಗ್ರಾಮಿನ ಮೇಲೆ ಬಲಗಡೆ ಗುಂಡಿ ಒತ್ತಿ, 'ಸೆಂಡ್ ಟು' ಎಂಬಲ್ಲಿ 'ಡೆಸ್ಕ್‌ಟಾಪ್' ಆರಿಸಿದರೆ ಮುಗಿಯಿತು, ಹತ್ತು ಸೆಕೆಂಡಿನ ಕೆಲಸ. ಅಂಕಲ್‌ಗೆ ಇದು ಹಿಡಿಸುವುದಿಲ್ಲ. ಒಂದೊಂದೇ ವೋಚರಿಗೆ ಕೈಯಲ್ಲೇ ಸಹಿ ಹಾಕಿ ಬೆರಳು ಸವೆಸಿಕೊಂಡವರು, ಇನ್ನು ಮೇಲೆ ಎಲ್ಲ ತಾನೇ ಆಗಬೇಕು ಅಂತ ತೀರ್ಮಾನಿಸಿದ್ದಾರೆ. ಅದಕ್ಕೆ ಅವರಿಗೆ ಸಿಕ್ಕ ಆಯುಧ ವಿಂಡೋಸ್ 98ರ ಜೊತೆ ಬಂದ ಸ್ಕ್ರಿಪ್ಟ್ ಹೋಸ್ಟ್. ನೋಟ್‌ಪ್ಯಾಡಿನಲ್ಲಿ ವಿಬಿಸ್ಕ್ರಿಪ್ಟ್ ಎಂಬ ಭಾಷೆಯ ಐದಾರು ಸಾಲು ಬರೆಯುವುದು: 'ಡಬ್ಲ್ಯುಸ್ಕ್ರಿಪ್ಟ್ ಶೆಲ್' ಎಂಬ ಒಳಗಿನ ಗುಮಾಸ್ತನನ್ನು ಕರೆಯುವುದು, 'ಕ್ರಿಯೇಟ್ ಶಾರ್ಟ್‌ಕಟ್' ಅನ್ನುವುದು, ಪ್ರೋಗ್ರಾಮ್ ಇರುವ ಜಾಗ ಹೇಳುವುದು, ಯಾವ ಚಿತ್ರ ಅಂತ ಹೇಳುವುದು, ಸೇವ್ ಅನ್ನುವುದು. ಫೈಲಿನ ಹೆಸರಿನ ಕೊನೆಗೆ ವಿ, ಬಿ, ಎಸ್ ಎಂಬ ಮೂರಕ್ಷರ. ಎರಡು ಸಲ ಕ್ಲಿಕ್ಕಿಸಿದರೆ ಐಕಾನು ಪ್ರತ್ಯಕ್ಷ.

ಹತ್ತು ಸೆಕೆಂಡು ಉಳಿಸುವುದಕ್ಕೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಅದನ್ನು ಹೇಳಿದವರು ಮನೆಯವರೇ ಆದರೂ ಅಂಕಲ್ ಮಾತು ಬಿಡುತ್ತಾರೆ.

ಒಂದೊಂದೇ ಐಕಾನು ಹುಟ್ಟಿಸುವ ಹಂತ ದಾಟಿದ ಮೇಲೆ ಅವರ ದೃಷ್ಟಿ ವಿಶಾಲವಾಯಿತು. ಸ್ಟಾರ್ಟ್ ಮೆನುವಿನ ಒಳಗಿರುವುದೂ ಒಂದು ಫೋಲ್ಡರೇ, ಅದರಲ್ಲಿರುವುದೂ ಇದೇ ಥರದ ಚೀಟಿಗಳೇ. ಅವನ್ನೆಲ್ಲ ಬಾಚಿ ಡೆಸ್ಕ್‌ಟಾಪಿಗೆ ಸುರಿಯುವ ಸ್ಕ್ರಿಪ್ಟ್ ಬರೆದು, ಅದನ್ನು ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿ ಕೂರಿಸಿದರು. ಇನ್ನು ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಹೊಸ ಸಾಫ್ಟ್‌ವೇರಿನ ಐಕಾನು ತಾನಾಗಿ ಬಂದು ನಿಲ್ಲುತ್ತದೆ. ಮೊದಲ ಪ್ರಯೋಗ ಕಾರ್ಡ್ ರಸ್ತೆಯ ಪಶ್ಚಿಮಕ್ಕಿರುವ ಒಬ್ಬ ಲೆಕ್ಕಿಗರ ಆಫೀಸಿನಲ್ಲಿ. ಐಕಾನುಗಳೇನೋ ಬಂದವು. ಆದರೆ ಸ್ಟಾರ್ಟ್ ಮೆನುವಿನಲ್ಲಿ ಪ್ರೋಗ್ರಾಮಿನ ಜೊತೆಗೆ ಅದರ ಕೈಪಿಡಿ, ಅದರ ವೆಬ್‌ಸೈಟು, ಕೊನೆಗೆ 'ಅನ್‌ಇನ್‌ಸ್ಟಾಲ್' ಕೂಡ ಇರುತ್ತವಲ್ಲ, ಅವೂ ಬಂದವು. ಹೊಸದಾಗಿ ಸೇರಿದ ಹುಡುಗ ಹೊಸ ಐಕಾನು ಏನು ಮಾಡುತ್ತದೆ ನೋಡೋಣ ಅಂತ ಕ್ಲಿಕ್ಕಿಸಿದ. ಇಂಗ್ಲಿಷಿನಲ್ಲಿ ಏನೋ ಕೇಳಿತು. ವಿನಯವಂತ ಹುಡುಗ, 'ಯೆಸ್' ಅಂದ. 1986ರಿಂದ ಬೆಂಗಳೂರಿನ ಕಂಪನಿಯೇ ಬೆಳೆಸಿಕೊಂಡು ಬಂದಿರುವ ಟ್ಯಾಲಿ ಆ ಒಂದು ಆಫೀಸಿನಿಂದ ಮಾತ್ರ, ಜಿಎಸ್‌ಟಿ ಕಟ್ಟುವ ಕೊನೆಯ ದಿನ, ಎದ್ದುಹೋಯಿತು. ಲೆಕ್ಕದ ಫೈಲುಗಳು ಬೇರೆ ಕಡೆ ಇದ್ದುದರಿಂದ ಉಳಿದವು, ಸಂಜೆಯೊಳಗೆ ಟ್ಯಾಲಿ ಮತ್ತೆ ಹತ್ತಿತು. ಅಂದಿನಿಂದ ಅಂಕಲ್ ಸ್ಕ್ರಿಪ್ಟಿನಲ್ಲಿ ಹೆಚ್ಚಿನ ಒಂದು ಸಾಲಿದೆ: ಹೆಸರಿನಲ್ಲಿ 'ಅನ್‌ಇನ್‌ಸ್ಟಾಲ್' ಇದ್ದರೆ ಬಿಟ್ಟುಬಿಡು. ಆದರೆ ಕೆಲವು ಕಂಪನಿಗಳು ಅದನ್ನೇ 'ರಿಮೂವ್' ಅಂತ ಕರೆಯುತ್ತವೆ. ಆ ಸಾಲು ಇನ್ನೂ ಬಂದಿಲ್ಲ.

ಅವರ ಎಲ್ಲ ಸ್ಕ್ರಿಪ್ಟುಗಳ ಮೊದಲ ಸಾಲು, ಶ್ರೀಕಾರದ ಜಾಗದಲ್ಲಿ, 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್'. ಏನೇ ತಪ್ಪಾದರೂ ಹೇಳಬೇಡ, ಮುಂದಿನ ಸಾಲಿಗೆ ನಡೆ ಎಂದು ಕಂಪ್ಯೂಟರಿಗೆ ಕೊಡುವ ಅಪ್ಪಣೆ. ರಸ್ತೆ ಅಗೆದು, ಕೇಬಲ್ ಹರಿದು, ಮುಚ್ಚದೆ ಮುಂದಿನ ಅಡ್ಡರಸ್ತೆಗೆ ಹೋಗುವ ಕಂಟ್ರಾಕ್ಟರುಗಳನ್ನು ದಿನಾ ಬೈಯುವ ಅಂಕಲ್, ಈ ಒಂದು ಸಾಲನ್ನು ಮಾತ್ರ ಬಿಡಲೊಲ್ಲರು.

ಆದರೆ ಅವರ ನಿಜವಾದ ತಪಸ್ಸು ಬೇರೆಯದು. ಅದಕ್ಕೆ ಕಾರಣ ಮನೆಯಾಕೆ. "ರೀ, ಪಂಚಾಂಗ ಅನ್ನೋದನ್ನೂ ಇಂಗ್ಲಿಷ್‌ನಲ್ಲಿ ಯಾಕ್ರೀ ಬರೆದಿದ್ದೀರ? ನಂಗೆ ಓದೋಕೆ ಆಗೋ ಹಂಗೆ ಬರೀರಿ" ಅಂದರು. ಇಷ್ಟೇ ತಾನೆ ಅಂತ ಅಂಕಲ್ ಸ್ಕ್ರಿಪ್ಟಿನಲ್ಲಿ 'ಪಂಚಾಂಗ' ಅಂತ ಕನ್ನಡದಲ್ಲಿ ಬರೆದು ಸೇವ್ ಮಾಡಿ ಓಡಿಸಿದರು. ಐಕಾನಿನ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ ಅಕ್ಷರಗಳೂ ಚಿಹ್ನೆಗಳೂ ಚೆಲ್ಲಾಡಿದವು. ಈಗಿನ ನೋಟ್‌ಪ್ಯಾಡ್ ಫೈಲನ್ನು ಯುಟಿಎಫ್-8ರಲ್ಲಿ ಉಳಿಸುತ್ತದೆ. ಹಳೆಯ ಸ್ಕ್ರಿಪ್ಟ್ ಹೋಸ್ಟಿಗೆ ಅದು ಓದಲು ಬರುವುದಿಲ್ಲ, ಯುಟಿಎಫ್-16 ಆಗಬೇಕು. ಅದನ್ನು ಕಂಡುಹಿಡಿಯುವಷ್ಟರಲ್ಲಿ ಮಧ್ಯಾಹ್ನದ ಊಟ ಆರಿತು. ಸರಿಪಡಿಸಿ ಮತ್ತೆ ಓಡಿಸಿದರು. ಈ ಸಲ ಐಕಾನೇ ಹುಟ್ಟಲಿಲ್ಲ. ಮೊದಲ ಸಾಲಿನ ಅಪ್ಪಣೆಯಂತೆ ಕಂಪ್ಯೂಟರು ಬಾಯಿಯನ್ನೂ ಬಿಡಲಿಲ್ಲ. ಒಲ್ಲದ ಮನಸ್ಸಿನಿಂದ ಆ ಸಾಲು ತೆಗೆದ ಮೇಲೆ ತಿಳಿಯಿತು: ಶಾರ್ಟ್‌ಕಟ್ ಉಳಿಸಲಾಗದು.

ಇದು ಅಂಕಲ್ ತಪ್ಪಲ್ಲ, ಹೇಳಲೇಬೇಕು. ಶಾರ್ಟ್‌ಕಟ್ ಉಳಿಸುವ ಆ ಹಳೆಯ ಗುಮಾಸ್ತ ಹೆಸರನ್ನು ಯುನಿಕೋಡಿನಲ್ಲಿ ಅಲ್ಲ, ಅದಕ್ಕೂ ಹಿಂದಿನ 'ಕೋಡ್ ಪೇಜ್' ಎಂಬ ಪಟ್ಟಿ ಹಿಡಿದು ಬರೆಯುತ್ತಾನೆ. ರಷ್ಯನ್, ಗ್ರೀಕ್, ಅರಬ್ಬಿ, ಥಾಯ್, ವಿಯೆಟ್ನಾಮಿಗೆಲ್ಲ ವಿಂಡೋಸಿನಲ್ಲಿ ಅಂಥ ಪಟ್ಟಿಗಳಿದ್ದವು. ಕನ್ನಡಕ್ಕೆ ಇರಲೇ ಇಲ್ಲ. ಕನ್ನಡ ನೇರವಾಗಿ ಯುನಿಕೋಡಿನಲ್ಲೇ ಒಳಗೆ ಬಂದದ್ದು, ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟಿನ ರೂಪದಲ್ಲಿ. ಪಟ್ಟಿಯಲ್ಲಿ ಇಲ್ಲದ ಅಕ್ಷರ ಬಂದರೆ ಗುಮಾಸ್ತ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾನೆ. ವಿಂಡೋಸಿನಲ್ಲಿ ಫೈಲಿನ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಕೂಡದು. ಹೀಗೆ 'ಪಂಚಾಂಗ' ಮೊದಲು ಸಾಲು ಪ್ರಶ್ನೆಯಾಗಿ, ಆಮೇಲೆ ನಿಯಮ ಉಲ್ಲಂಘನೆಯಾಗಿ, ಕೊನೆಗೆ ಏನೂ ಆಗದೆ ಹೋಯಿತು. 1998ರಲ್ಲೇ ಶೇಷಾದ್ರಿವಾಸು ಬರಹ ತಂತ್ರಾಂಶ ಕೊಟ್ಟರು, ಆಮೇಲೆ ಕನ್ನಡ ಗಣಕ ಪರಿಷತ್ತು ನುಡಿ ಕೊಟ್ಟಿತು. ಪತ್ರ, ಪುಸ್ತಕ, ಮದುವೆ ಕರೆಯೋಲೆ ಎಲ್ಲ ಕನ್ನಡದಲ್ಲಿ ಬಂದವು. ಅವನ್ನು ತೆರೆಯುವ ಐಕಾನಿಗೆ ಕನ್ನಡ ಹೆಸರಿಡಲು ಮಾತ್ರ ಹೀಗೆ ಒದ್ದಾಟ.

ಅಂಕಲ್ ಸೋಲಲಿಲ್ಲ. ಮೊದಲು ಇಂಗ್ಲಿಷಿನಲ್ಲಿ 'ಟೆಂಪ್' ಅಂತ ಹೆಸರಿಟ್ಟು ಐಕಾನು ಹುಟ್ಟಿಸುವುದು. ಹುಟ್ಟಿದ ಮೇಲೆ, ಫೈಲುಗಳನ್ನು ನೋಡಿಕೊಳ್ಳುವ ಇನ್ನೊಬ್ಬ ಗುಮಾಸ್ತನಿಂದ ಅದರ ಹೆಸರನ್ನು ಕನ್ನಡಕ್ಕೆ ಬದಲಿಸುವುದು. ಆ ಎರಡನೆಯವನಿಗೆ ಯುನಿಕೋಡ್ ಬರುತ್ತದೆ. ರಾತ್ರಿ ಪರದೆಯ ಮೇಲೆ ದುಂಡಗೆ 'ಪಂಚಾಂಗ' ಮೂಡಿತು. ಆ ಉಮೇದಿನಲ್ಲಿ 'ಭಜನೆ', 'ಕರೆಂಟ್ ಬಿಲ್ಲು', ನ್ಯೂಜೆರ್ಸಿಯ ಜೂಮ್ ಕೊಂಡಿಗೆ 'ಮಗಳು' ಎಲ್ಲ ಹುಟ್ಟಿದವು. ಈ ಕೊನೆಯದಕ್ಕೆ ಗುಮಾಸ್ತನೂ ಬೇಕಿಲ್ಲ. ವೆಬ್ ವಿಳಾಸದ ಶಾರ್ಟ್‌ಕಟ್ ಅಂದರೆ ಎರಡೇ ಸಾಲಿನ ಬರಿಯ ಪಠ್ಯ. ಮನೆಯಾಕೆ ದಿನಾ ಸಂಜೆ 'ಮಗಳು' ಒತ್ತುತ್ತಾರೆ, ಅಲ್ಲಿ ಇನ್ನೂ ಬೆಳಗಾಗುತ್ತಿರುತ್ತದೆ.

ಕನ್ನಡ ಐಕಾನಿನ ಸುದ್ದಿ ಹಬ್ಬಿ ಬೇಡಿಕೆ ಏರಿತು. ಸ್ಕ್ರಿಪ್ಟನ್ನು ಮೇಲ್ ಮಾಡೋಣವೆಂದರೆ ಜಿಮೇಲ್ ಆ ಮೂರಕ್ಷರದ ಫೈಲನ್ನು ಕಂಡೊಡನೆ ತಡೆಯುತ್ತದೆ, ಜಿಪ್ ಮಾಡಿ ಕಟ್ಟಿಕೊಟ್ಟರೂ ಬಿಚ್ಚಿ ನೋಡಿ ತಡೆಯುತ್ತದೆ. ಕಾರಣ ಹಳೆಯದು: 2000ದ ಮೇ ತಿಂಗಳಲ್ಲಿ ಜಗತ್ತಿನ ಮೇಲ್‌ಪೆಟ್ಟಿಗೆಗಳನ್ನೆಲ್ಲ ನುಗ್ಗಾಡಿದ 'ಐ ಲವ್ ಯೂ' ವೈರಸ್ಸೂ ವಿಬಿಸ್ಕ್ರಿಪ್ಟ್ ಫೈಲೇ. ಹಾಗಾಗಿ ಪೆನ್‌ಡ್ರೈವೇ ಗತಿ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಕೆಂಗೇರಿ ಮುಟ್ಟಿದ ಮೇಲೆ ವಿಜಯನಗರದ ಅಂಕಲ್‌ನ ಸೇವಾಕ್ಷೇತ್ರ ಅಲ್ಲಿಯವರೆಗೂ ಚಾಚಿಕೊಂಡಿತು.

ಪೆನ್‌ಡ್ರೈವಿನ ಜೊತೆಗೆ ಎದುರಾಳಿಯೂ ಬಂದ. ಕಾಲೇಜಿನ ಬಳಿಯ ಜೆರಾಕ್ಸ್ ಅಂಗಡಿಗೆ ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಹೋದ ಯಾವ ವಿದ್ಯಾರ್ಥಿಯೂ 'ಶಾರ್ಟ್‌ಕಟ್ ವೈರಸ್' ಮರೆಯಲಾರ. ಫೋಲ್ಡರುಗಳೆಲ್ಲ ಅಡಗಿ, ಅದೇ ಹೆಸರಿನ ಶಾರ್ಟ್‌ಕಟ್ಟುಗಳು ಅವುಗಳ ಜಾಗದಲ್ಲಿ ಕೂತಿರುತ್ತಿದ್ದವು. ಒತ್ತಿದರೆ ಫೋಲ್ಡರೂ ತೆರೆಯುತ್ತಿತ್ತು, ವೈರಸ್ಸೂ ಓಡುತ್ತಿತ್ತು. ಅಂಗಡಿಯ ಹುಡುಗರು ಕಪ್ಪು ಪರದೆಯಲ್ಲಿ 'ಆಟ್ರಿಬ್' ಆಜ್ಞೆ ಹೊಡೆದು ಅಡಗಿದ ಫೈಲುಗಳನ್ನು ಹೊರಗೆಳೆಯುವುದನ್ನು ಮಗ್ಗಿಯಂತೆ ಕಲಿತಿದ್ದರು. ಈ ಜಾತಿಯ 'ಜೆನ್‌ಕ್ಸಸ್' ಎಂಬ ಹುಳುವಿನ ಕಾಟಕ್ಕೆ 2014ರ ಜೂನ್‌ನಲ್ಲಿ ಮೈಕ್ರೋಸಾಫ್ಟೇ ಕೋರ್ಟ್ ಮೆಟ್ಟಿಲು ಹತ್ತಿತು. ಸ್ವಾರಸ್ಯವೆಂದರೆ ಆ ಹುಳುವೂ ವಿಬಿಸ್ಕ್ರಿಪ್ಟಿನದೇ, ಅದೂ ತಾನೇ ಓಡಿ ಶಾರ್ಟ್‌ಕಟ್ಟು ಹುಟ್ಟಿಸುತ್ತದೆ, ಅದೂ ಸ್ಟಾರ್ಟ್‌ಅಪ್ ಫೋಲ್ಡರಿನಲ್ಲೇ ಬಿಡಾರ ಹೂಡುತ್ತದೆ, ಅದೂ ಪೆನ್‌ಡ್ರೈವಿನಲ್ಲೇ ಮನೆಯಿಂದ ಮನೆಗೆ ಹೋಗುತ್ತದೆ. ಆಂಟಿವೈರಸ್ಸಿಗೆ ಇಬ್ಬರಲ್ಲಿ ವ್ಯತ್ಯಾಸ ಕಾಣದಿದ್ದರೆ ತಪ್ಪು ಯಾರದು? ಅದು ಅಂಕಲ್ ಫೈಲನ್ನು ಹಿಡಿದು ಜೈಲಿಗೆ ಹಾಕಿದಾಗ "ನಲವತ್ತು ವರ್ಷದ ಸರ್ವೀಸಲ್ಲಿ ಒಂದು ಮೆಮೋ ತಗೊಂಡಿಲ್ಲ ನಾನು" ಅಂತ ಅವರು ಕಂಪ್ಯೂಟರಿಗೇ ಹೇಳಿದ್ದನ್ನು ಕೇಳಿದವರಿದ್ದಾರೆ.

ಹೊಸ ಕಾಲದ ಪೆಟ್ಟುಗಳೂ ಬೀಳುತ್ತಿವೆ. ಒನ್‌ಡ್ರೈವ್ ಬಂದು ಡೆಸ್ಕ್‌ಟಾಪ್ ಫೋಲ್ಡರನ್ನೇ ತನ್ನೊಳಗೆ ಸಾಗಿಸಿಕೊಂಡ ಮನೆಗಳಲ್ಲಿ ಅಂಕಲ್‌ನ ಐಕಾನುಗಳು ಹಳೆಯ ವಿಳಾಸದಲ್ಲಿ, ಯಾರೂ ನೋಡದ ಫೋಲ್ಡರಿನಲ್ಲಿ ಹುಟ್ಟಿ ಕೂತಿವೆ. ವಿಳಾಸವನ್ನು ಕೈಯಾರೆ ಬರೆಯದೆ ಡೆಸ್ಕ್‌ಟಾಪ್ ಎಲ್ಲಿದೆ ಅಂತ ವಿಂಡೋಸನ್ನೇ ಕೇಳಬೇಕಿತ್ತು. ವಾಟ್ಸಾಪ್‌ನಂಥವು ಮೈಕ್ರೋಸಾಫ್ಟ್ ಸ್ಟೋರಿನಿಂದ ಬರುತ್ತವೆ, ಅವುಗಳ ಫೋಲ್ಡರಿಗೆ ಬೀಗ. 'ಆಪ್ಸ್ ಫೋಲ್ಡರ್' ಎಂಬ ಒಳಕೋಣೆಯಿಂದ ಮಾತ್ರ ಅವಕ್ಕೆ ಶಾರ್ಟ್‌ಕಟ್ ಎಳೆದುಕೊಳ್ಳಬಹುದು. ಇದರ ಮೇಲೆ ಸೋದರಳಿಯನ ಕೊಂಕು ಬೇರೆ. ಅವನ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನ ಬದಲು ಉಬುಂಟು. ಅಲ್ಲಿ ಐಕಾನು ಅಂದರೆ ಕೆಲವೇ ಸಾಲಿನ ಪಠ್ಯದ ಫೈಲು. ಹೆಸರಿನ ಸಾಲಿನ ಪಕ್ಕ ಕೆ, ಎನ್ ಅಂತ ಎರಡಕ್ಷರ ಸೇರಿಸಿದರೆ ಕನ್ನಡ ಹೆಸರಿಗೆ ಪ್ರತ್ಯೇಕ ಜಾಗವೇ ಸಿದ್ಧ. "ಮಾವ, ಇಲ್ಲಿ ಪ್ರಶ್ನೆ ಬೀಳಲ್ಲ" ಅಂತಾನೆ. "ನಿಮ್ಮದರಲ್ಲಿ ಟ್ಯಾಲಿ ಓಡುತ್ತೇನಪ್ಪಾ ನೆಟ್ಟಗೆ?" ಅಂತ ಅಂಕಲ್ ಮಾತು ತಿರುಗಿಸುತ್ತಾರೆ.

ವಿಬಿಸ್ಕ್ರಿಪ್ಟಿನ ಆಯುಸ್ಸೂ ತೀರುತ್ತಿದೆ. 2023ರ ಅಕ್ಟೋಬರಿನಲ್ಲಿ ಅದನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ ಸಾರಿತು; 2027ರ ಸುಮಾರಿಗೆ ಅದು ವಿಂಡೋಸಿನಲ್ಲಿ ತಾನಾಗಿ ಚಾಲೂ ಇರುವುದಿಲ್ಲ ಅಂತ ಮರುವರ್ಷದ ಮೇ ತಿಂಗಳಲ್ಲಿ ಹೇಳಿತು. ಅಂಕಲ್ ಆಗಲೇ ಇನ್ನೂರು ಪುಟದ ನೋಟುಬುಕ್ ಕೊಂಡು ಪವರ್‌ಶೆಲ್ ಕಲಿಯಲು ಕೂತಿದ್ದಾರೆ.

ಅವರು ನಿಮ್ಮ ಮನೆಗೂ ಬಂದು ಹೋಗಿದ್ದರೆ ಒಂದು ಕೆಲಸ ಮಾಡಿ. ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ಶೆಲ್ ಎಂದು ಬರೆದು, ಕೋಲನ್ ಹಾಕಿ, ಸ್ಟಾರ್ಟ್‌ಅಪ್ ಎಂದು ಸೇರಿಸಿ ಎಂಟರ್ ಕೊಡಿ. ಅವರ ಫೈಲು ಅಲ್ಲಿರುತ್ತದೆ. ಅದನ್ನು ತೆಗೆದರೆ ಹೊಸ ಐಕಾನುಗಳ ಹುಟ್ಟು ನಿಲ್ಲುತ್ತದೆ. ಈಗಾಗಲೇ ಇರುವ ಬಾಣದ ಗುರುತಿನವನ್ನು ಅಳಿಸಿದರೆ ಸಾಫ್ಟ್‌ವೇರಿಗೆ ಏನೂ ಆಗುವುದಿಲ್ಲ. ಕನ್ನಡ ಹೆಸರಿನವನ್ನು ಮಾತ್ರ ಮುಟ್ಟಬೇಡಿ, ಅವಕ್ಕೆ ಅವರು ಒಂದು ಇಡೀ ಭಾನುವಾರ ಕೊಟ್ಟಿದ್ದಾರೆ.