ಕಪ್ಪು ಶಿಲೀಂಧ್ರಕ್ಕೊಂದು ಬಹಿರಂಗ ಪತ್ರ

ಕಪ್ಪು ಶಿಲೀಂಧ್ರವೇ,

ನಿನ್ನ ಕ್ಷೇಮ ವಿಚಾರಿಸುವ ಮನಸ್ಸು ನನಗಿಲ್ಲ. 2021ರ ಮೇ ತಿಂಗಳಲ್ಲಿ, ಕೋವಿಡ್ ಗೆದ್ದು ಮನೆಗೆ ಬಂದವರನ್ನೇ ನೀನು ಹಿಡಿದೆ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ನಿನ್ನ ಚಿಕಿತ್ಸೆಗೆಂದೇ ವಾರ್ಡು ತೆರೆಯಬೇಕಾಯಿತು. ಆಂಫೊಟೆರಿಸಿನ್ ಇಂಜೆಕ್ಷನ್ನಿಗಾಗಿ ಮನೆಯವರು ಊರೆಲ್ಲ ಅಲೆದರು. ಎಷ್ಟೋ ಜನರ ಕಣ್ಣು ಹೋದದ್ದು ಸುದ್ದಿಯಾಯಿತು. ಕಣ್ಣಿನ ಹಿಂದೆ ನೀನು ನಡೆಸಿದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ.

ಮಣ್ಣಿನಲ್ಲಿ, ತಿಪ್ಪೆಯಲ್ಲಿ, ಹಳಸಿದ ರೊಟ್ಟಿಯ ಮೇಲೆ ನೀನಿದ್ದೀಯ. ನಿನ್ನನ್ನು ಉಸಿರಾಡಿದ ಬಹುಪಾಲು ಜನಕ್ಕೆ ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರು, ಸ್ಟೀರಾಯ್ಡ್ ಹೆಚ್ಚಾಗಿ ತೆಗೆದುಕೊಂಡವರು, ಇಂಥವರು ಸಿಕ್ಕರೆ ಸೈನಸ್ಸಿನಲ್ಲಿ ಬೇರು ಬಿಡುತ್ತೀಯ. ನಿನ್ನ ಎಳೆಗಳು ರಕ್ತನಾಳದ ಗೋಡೆ ಕೊರೆದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅಂಗುಳಲ್ಲಿ ಕಾಣುವ ಕಪ್ಪು, ರಕ್ತ ಸಿಗದೆ ಸತ್ತ ಮಾಂಸ. ಕಣ್ಣುಗೂಡಿನ ಹಿಂದಿರುವ ಕ್ಯಾವರ್ನಸ್ ಸೈನಸ್ ಎಂಬ ರಕ್ತದ ಪೊಳ್ಳಿನೊಳಗೇ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿ ಹಾಯುತ್ತದೆ. ಅಲ್ಲಿಗೆ ನೀನು ಮುಟ್ಟಿದರೆ ಪಾರ್ಶ್ವವಾಯು ಬಡಿಯಬಹುದು.

ಬಡಿಯದೆಯೂ ಇರಬಹುದು, ನನಗೆ ಹೆಚ್ಚು ಭಯ ಅದರದ್ದೇ. ಒಂದು ಕಡೆಯ ಕೆರೋಟಿಡ್ ಪೂರ್ತಿ ಮುಚ್ಚಿದರೂ ಇನ್ನೊಂದು ಕಡೆಯ ರಕ್ತ ಮಿದುಳಿನ ಬುಡದ ನಾಳಗಳನ್ನು ಬಳಸಿ ಬಂದು ಕೆಲವರನ್ನು ಕಾಪಾಡುತ್ತದೆ. ರೋಗಿ ಮಂಚದ ಮೇಲೆ ಕೂತು ಗಂಜಿ ಕುಡಿಯುತ್ತಾನೆ. ಕೈ ಎತ್ತಿ ಅಂದರೆ ಎರಡೂ ಕೈ ಎತ್ತುತ್ತಾನೆ. ಬರೀ ಕೈಕಾಲು ನೋಡಿದವರಿಗೆ ಒಳಗೆ ಮುಚ್ಚಿದ ನಾಳ ಗೊತ್ತಾಗುವುದೇ ಇಲ್ಲ.

ಎಂಆರ್ ಆಂಜಿಯೋಗ್ರಾಂನಲ್ಲಿ ಗೊತ್ತಾಗುತ್ತದೆ. ರಕ್ತದ ಹಾದಿ ಎಲ್ಲಿ ಕಿರಿದಾಗಿದೆ, ಎಲ್ಲಿ ನಿಂತಿದೆ, ಎಲ್ಲಿ ಉಬ್ಬಿದೆ ಎಂದು ಅದು ತೋರಿಸುತ್ತದೆ. ಹಾದಿ ಕಿರಿದಾಗುವ ಮೊದಲೇ ಗೋಡೆ ಊದಿಕೊಂಡಿರಬಹುದು. ಅದನ್ನು ಕಾಣಲು, ಹರಿಯುವ ರಕ್ತವನ್ನು ಕಪ್ಪಾಗಿಸಿ ಗೋಡೆಯನ್ನೇ ಹಿಡಿಯುವ ಎಂಆರ್‌ಐ ಇದೆ. ಕಾಂಟ್ರಾಸ್ಟ್ ಎಂಬ ಇಂಜೆಕ್ಷನ್ ಕೊಟ್ಟರೆ ಊದಿದ ಗೋಡೆ ಬಿಳಿ ಉಂಗುರದಂತೆ ಹೊಳೆಯುತ್ತದೆ. ಹೊಳೆದದ್ದೆಲ್ಲ ನೀನೇ ಅಲ್ಲ, ಒಪ್ಪುತ್ತೇನೆ. ನಿನ್ನನ್ನು ಖಚಿತವಾಗಿ ಗುರುತಿಸಲು ಬಯಾಪ್ಸಿಯೇ ಬೇಕು. ಆದರೆ ನೀನು ಎಲ್ಲಿಯವರೆಗೆ ಬಂದಿದ್ದೀಯ ಎಂಬ ಸುಳಿವು ಈ ಚಿತ್ರಗಳಲ್ಲಿದೆ.

ಪತ್ರ ನಿನಗೆ ಬರೆದರೂ ಓದಬೇಕಾದವರು ನಮ್ಮ ಡಾಕ್ಟರುಗಳು. ಕಣ್ಣು ಊದಿ, ರೆಪ್ಪೆ ಜೋತುಬಿದ್ದು ಬಂದವರ ಸ್ಕ್ಯಾನ್ ಚೀಟಿಯಲ್ಲಿ ಸೈನಸ್ಸು, ಕಣ್ಣು ಎಂದು ಬರೆದು ನಿಲ್ಲಿಸಬೇಡಿ, ಮಿದುಳಿನ ರಕ್ತನಾಳವನ್ನೂ ಸೇರಿಸಿ. ಆಪರೇಷನ್ ಆದ ಮೇಲೂ ಮತ್ತೊಮ್ಮೆ ನೋಡಿ. ಆಂಫೊಟೆರಿಸಿನ್‌ನಿಂದ ಕಿಡ್ನಿ ಸೋತು ಕಾಂಟ್ರಾಸ್ಟ್ ಕೊಡಲಾಗದವರಿಗೆ, ಅದಿಲ್ಲದೆಯೇ ಎಂಆರ್ ಆಂಜಿಯೋಗ್ರಾಂ ತೆಗೆಯಬಹುದು.

ಇಂತಿ,
ಬೆಂಗಳೂರಿನ ಒಬ್ಬ ನಿವಾಸಿ