ಪುಸ್ತಕದ ದಲ್ಲಾಳಿಯಾಗಲು ಹೋಗಿ

"ಓದೋಕೆ ಆಸೆ ಇದೆ ಸಾರ್, ಪುರುಸೊತ್ತೇ ಇಲ್ಲ." ಈ ಮಾತನ್ನು ನೀವೂ ಕೇಳಿರುತ್ತೀರಿ, ಆಡಿಯೂ ಇರುತ್ತೀರಿ. ಕೇಳಿ ಸುಮ್ಮನಿರುವುದು ಜಾಣತನ. ನಾನು ಸುಮ್ಮನಿರಲಿಲ್ಲ. ನಮ್ಮ ತಿಪಟೂರಿನಲ್ಲಿ ಕಾಯಿಗೆ ದಲ್ಲಾಳಿ ಇದ್ದಾರೆ, ಕೊಬ್ಬರಿಗೆ ಇದ್ದಾರೆ, ಸೈಟಿಗೆ, ಸಂಬಂಧಕ್ಕೆ ಎಲ್ಲಕ್ಕೂ ಇದ್ದಾರೆ. ಪುಸ್ತಕಕ್ಕೊಬ್ಬ ಯಾಕಿರಬಾರದು? ಯಾರಿಗೆ ಎಷ್ಟು ಬಿಡುವು ಎಂದು ವಿಚಾರಿಸಿಕೊಂಡು, ಅವರಿಗೆ ಒಪ್ಪುವ ಪುಸ್ತಕದ ಹೆಸರನ್ನು ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ಕಳಿಸುವುದು. ಕಮಿಷನ್ ಇಲ್ಲ, ಪೂರ್ತಿ ಪುಕ್ಕಟೆ.

ಹಿರಿಯರ ಆಶೀರ್ವಾದವೂ ಇತ್ತೆನ್ನಿ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಓದುಗನ ಸಮಯ ಉಳಿಯಬೇಕು ಎಂದು ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ಸೂತ್ರ ಬರೆದಿಟ್ಟಿದ್ದಾರೆ. ಗಳಗನಾಥರಂತೂ ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದವರು. ನಾನು ಹೊತ್ತಿದ್ದು ಬರೀ ಫೋನು. ಆದರೂ ಬೆನ್ನು ನೋಯುತ್ತಿತ್ತು, ನಾನೇ ತಟ್ಟಿಕೊಂಡು ತಟ್ಟಿಕೊಂಡು.

ಮೊದಲು ಒಂದು ಅರ್ಜಿ ತಯಾರಿಸಿದೆ. ಮೂವತ್ತೆರಡು ಪ್ರಶ್ನೆ. ಪರೀಕ್ಷೆಗೆಂದು ಮನೆಯಾಕೆಯ ಕೈಗೇ ಕೊಟ್ಟೆ. ಇಪ್ಪತ್ತನೇ ಪ್ರಶ್ನೆಗೆ ಬರುವಷ್ಟರಲ್ಲಿ ಸಾರು ಸೀದುಹೋಯಿತು. "ಇದನ್ನ ತುಂಬೋ ಹೊತ್ತಿಗೆ ಒಂದು ಕಥೆನೇ ಓದಿ ಮುಗಿಸ್ತಿದ್ದೆ ಕಣ್ರೀ" ಎಂದಳು. ಸೀದ ಸಾರು ಉಂಡು, ಅರ್ಜಿಯನ್ನು ಮೂರೇ ಪ್ರಶ್ನೆಗೆ ಇಳಿಸಿದೆ: ಊರು, ಕಸುಬು, ಬಿಡುವು.

ಊರಿನಿಂದಲೇ ಎಡವಟ್ಟು ಶುರುವಾಯಿತು. ಚಿಕ್ಕನಾಯಕನಹಳ್ಳಿ ಕಡೆಯವರೊಬ್ಬರು "ಬಿಡುವು ಐದು ನಿಮಿಷ, ಬಸ್ ಬರೋವರೆಗೆ" ಎಂದು ಬರೆದಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಊರು ಮಾತ್ರ. ತೀರ್ಥಪುರದಲ್ಲಿ ಹುಟ್ಟಿದ ತೀ.ನಂ.ಶ್ರೀ ಅವರದೇ ತಾಲ್ಲೂಕಿನವರಲ್ಲವೇ! ಅಭಿಮಾನ ಉಕ್ಕಿ 'ಭಾರತೀಯ ಕಾವ್ಯಮೀಮಾಂಸೆ' ಓದಿ ಎಂದೆ. ಪಾಪ, ಹುಡುಕಿ ತಂದೂ ಬಿಟ್ಟರು. ವಾರದ ಮೇಲೆ ಉತ್ತರ ಬಂತು: "ಬಸ್ಸು ಹೋಯ್ತು, ಬಂತು, ಮತ್ತೆ ಹೋಯ್ತು ಸಾರ್. ನಾನಿನ್ನೂ ಮೊದಲನೇ ಪುಟದಲ್ಲೇ ಇದೀನಿ."

ಸರಿ, ಚಿಕ್ಕದನ್ನು ಕೊಡೋಣ ಎಂದು ಮಂಡಿಯವರೊಬ್ಬರಿಗೆ 'ಮಂಕುತಿಮ್ಮನ ಕಗ್ಗ' ಆರಿಸಿದೆ. ನಾಲ್ಕೇ ಸಾಲಿನ ಪದ್ಯ, ಒಟ್ಟು 945. ದಿನಕ್ಕೊಂದರಂತೆ ಓದಿದರೂ ಎರಡೂವರೆ ವರ್ಷ ನನ್ನ ತಲೆನೋವು ತಪ್ಪಿತು. ಚುಟುಕಾಗಿರಲಿ ಎಂದು "ಇವತ್ತು ನಿಮಗೆ: 945" ಎಂದಷ್ಟೇ ಕಳಿಸಿದೆ. ಅವತ್ತು ಕೊಬ್ಬರಿ ಹರಾಜಿನ ದಿನ ಎಂಬುದು ಹುಟ್ಟಾ ತಿಪಟೂರಿನವನಾದ ನನಗೆ ಹೊಳೆಯಬೇಡವೇ? ಕ್ವಿಂಟಾಲಿಗೆ ಸಾವಿರಗಟ್ಟಲೆ ಬಾಳುವ ಕೊಬ್ಬರಿ! ಎರಡೇ ನಿಮಿಷಕ್ಕೆ ಫೋನು ಬಂತು. ದನಿ ನಡುಗುತ್ತಿತ್ತು: "ಸಾರ್, ಒಂಬೈನೂರ ನಲವತ್ತೈದು ಅಂದ್ರೆ... ಕೊಬ್ಬರೀದಾ, ಕರಟದ್ದಾ?"

ಅಂಕಿಯ ಸಹವಾಸವೇ ಬೇಡ, ಇನ್ನು ಮೇಲೆ ಹೆಸರು ಮಾತ್ರ ಎಂದುಕೊಂಡೆ. ತುರುವೇಕೆರೆಗೆ ಹೊಸದಾಗಿ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಹೆಸರು ಕೊಟ್ಟಿದ್ದಳು. ಎಸ್. ಎಲ್. ಭೈರಪ್ಪನವರ ಕಾದಂಬರಿ ನೆನಪಾಯಿತು. ತಿಪಟೂರು, ಚನ್ನರಾಯಪಟ್ಟಣದ ಸೀಮೆಯದೇ ಕಥೆ. ಇದಕ್ಕಿಂತ ಹತ್ತಿರದ್ದು ಯಾವುದಿದೆ? "ನಿಮ್ಮ ಮನೆಗೆ ಹೇಳಿ ಮಾಡಿಸಿದ್ದು: ಗೃಹಭಂಗ" ಎಂದು ಒತ್ತಿದೆ. ಆ ನಂಬರು ಅತ್ತೆಯವರದು. "ಮದುವೆಯಾಗಿ ಹದಿನೈದು ದಿವಸ ಆಗಿಲ್ಲ. ಯಾರು ಸ್ವಾಮಿ ನಿಮಗೆ ಹೀಗೆ ಹೇಳಿದ್ದು?" ಎಂದು ಅವರು ಕೇಳಿದಾಗ, ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಭೂಮಿ ಬಾಯಿ ಬಿಟ್ಟದ್ದು ಮುಂದಿನ ವಾರ. ಹೃದಯದ ಆಪರೇಷನ್ ಮುಗಿಸಿ ಹಳ್ಳಿಗೆ ಮರಳಿದ್ದ ಹಿರಿಯರೊಬ್ಬರಿಗೆ ಶಿವರಾಮ ಕಾರಂತರ ಕಾದಂಬರಿಯೇ ಸರಿ ಎನ್ನಿಸಿತು. "ವಿಶ್ರಾಂತಿಯಲ್ಲಿರುವ ತಮಗೆ: ಮರಳಿ ಮಣ್ಣಿಗೆ." ಅಷ್ಟಕ್ಕೇ ನಿಂತಿದ್ದರೆ ಕ್ಷಮೆ ಇತ್ತು. ಹುರುಪಿನಲ್ಲಿ ಕೆಳಗೆ ಸೇರಿಸಿದ್ದೆ: "ಅದು ಮುಗಿದ ಕೂಡಲೇ: ಸಂಸ್ಕಾರ."

ಕಳಿಸಿದ್ದನ್ನು ಮತ್ತೆ ಓದಿಕೊಂಡಾಗ ಆಪರೇಷನ್ ನನಗೇ ಬೇಕಾಯಿತು. ಸಿಕ್ಕ ಬಸ್ಸು ಹತ್ತಿ ಓಡಿದೆ. ಯಜಮಾನರು ಜಗಲಿಯ ಮೇಲೆ ನಗುತ್ತಾ ಕೂತಿದ್ದರು. "ಬಾರಪ್ಪ. ಮಣ್ಣಿಗೆ ಕರ್ಕೊಂಡು ಹೋಗೋಕೆ ನೀನೇ ಬಂದ್ಯಾ?" ನಾನು ತೊದಲಿದೆ. ಅವರು ಬಿಡಲಿಲ್ಲ. "ಇರಲಿ, ಆ ಪುಸ್ತಕದಲ್ಲಿ ಏನಿದೆ ಹೇಳು, ಕೇಳೋಣ."

ಇಲ್ಲೇ ನೋಡಿ ನಾನು ಸಿಕ್ಕಿಬಿದ್ದದ್ದು. ನನಗೆ ಗೊತ್ತಿದ್ದದ್ದು ಹಿಂಬದಿಯ ರಕ್ಷಾಪುಟದಷ್ಟೇ. ಮೂವತ್ತು ಪುಟ ಓದಿ ಅಟ್ಟಕ್ಕೆ ಏರಿಸಿ ಎಷ್ಟೋ ವರ್ಷವಾಗಿತ್ತು, ಪುರುಸೊತ್ತಿಲ್ಲದೆ. ಕಾಯಿಯ ರುಚಿ ನೋಡದೆ ಮಾರಲು ಹೊರಟ ದಲ್ಲಾಳಿ! ಕೊನೆಗೆ ಕಡಲ ದಂಡೆಯ ರಾಮ ಐತಾಳರಿಂದ ಮೊಮ್ಮಗ ರಾಮನವರೆಗೆ, ಮೂರು ತಲೆಮಾರಿನ ಕಥೆಯನ್ನು ಅವರೇ ಹೇಳಿದರು. ಸಂಜೆಯಾಯಿತು. ಬಸ್ಸು ಹೋಯಿತು.

ಹೊರಡುವಾಗ ಮೊಮ್ಮಗನ ಕೈಯಲ್ಲಿ ಅಟ್ಟದಿಂದ ಎರಡು ಕಾಯಿ ಇಳಿಸಿದರು, ಮಟ್ಟೆ ಸಮೇತ. ಒಂದನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಗಿಟುಕು ಲೊಟಲೊಟ ಅಂದಿತು. "ಇದು ಕೊಬ್ಬರಿ. ಹತ್ತು ಹನ್ನೊಂದು ತಿಂಗಳು ಸುಮ್ಮನೆ ಕೂತಿತ್ತು." ಇನ್ನೊಂದು ಗುಳುಗುಳು ಅಂದಿತು. "ಇದರಲ್ಲಿ ಇನ್ನೂ ನೀರಾಡ್ತಾ ಇದೆ. ಇದನ್ನ ನೀನು ತಗೊಂಡು ಹೋಗು."

ಈಗ ನನ್ನ ಸೇವೆಗೆ ಒಬ್ಬನೇ ಗಿರಾಕಿ, ನಾನು. 'ಮರಳಿ ಮಣ್ಣಿಗೆ' ಎಪ್ಪತ್ತನೇ ಪುಟಕ್ಕೆ ಬಂದಿದೆ. ಆ ಕಾಯಿ ಮೇಜಿನ ಮೇಲಿದೆ. ಓದಲು ಕೂರುವ ಮುಂಚೆ ದಿನಾ ಒಮ್ಮೆ ಅಲ್ಲಾಡಿಸಿ ನೋಡುತ್ತೇನೆ, ಕಾಯಿಯನ್ನೂ, ತಲೆಯನ್ನೂ. ಎರಡರಲ್ಲೂ ಇನ್ನೂ ನೀರಾಡುತ್ತಿದೆ.